ಚೀಟಿ ಬರೆದದ್ದು ಪೊಲೀಸ್, ಬರೆಸಿದ್ದು ಬಜೆಟ್

1/7
ಫರ್ಗ್ಯುಸನ್ ಅನ್ನೋ ಹೆಸರು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಸೇಂಟ್ ಲೂಯಿಸ್ ನಗರದ ಪಕ್ಕದ ಸಣ್ಣ ಊರು. 2014ರ ಹೊತ್ತಿಗೆ ಜನಸಂಖ್ಯೆ ಸುಮಾರು 21,000 ಇತ್ತು. 2014ರ ಆಗಸ್ಟ್ 9ರಂದು ಅಲ್ಲಿ ಮೈಕಲ್ ಬ್ರೌನ್ ಅನ್ನೋ 18 ವರ್ಷದ ಕಪ್ಪು ಹುಡುಗ, ಡ್ಯಾರೆನ್ ವಿಲ್ಸನ್ ಅನ್ನೋ ಬಿಳಿಯ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದ. ಹುಡುಗನ ಕೈಯಲ್ಲಿ ಆಯುಧ ಇರಲಿಲ್ಲ. ಶವ ನಾಲ್ಕು ಗಂಟೆ ರಸ್ತೆಯಲ್ಲೇ ಬಿದ್ದಿತ್ತು.

ಊರು ಹೊತ್ತಿ ಉರಿಯಿತು. ಆ ನವೆಂಬರ್‌ನಲ್ಲಿ ಗ್ರ್ಯಾಂಡ್ ಜ್ಯೂರಿ ವಿಲ್ಸನ್ ಮೇಲೆ ಆರೋಪ ಹೊರಿಸಲ್ಲ ಅಂತು. 2015ರ ಮಾರ್ಚ್ 4ರಂದು ಕೇಂದ್ರದ ನ್ಯಾಯ ಇಲಾಖೆಯೂ ಅದನ್ನೇ ಹೇಳಿತು. ತುಂಬಾ ಜನ ಕಥೆ ಅಲ್ಲಿಗೆ ಮುಗೀತು ಅಂದ್ಕೊಂಡರು.

ಆದರೆ ಅದೇ ದಿನ ಅದೇ ಇಲಾಖೆ ಇನ್ನೊಂದು ವರದಿ ಕೊಟ್ಟಿತ್ತು. ಅದರಲ್ಲಿ ತಪ್ಪಿತಸ್ಥ ಒಬ್ಬ ಪೊಲೀಸ್ ಅಲ್ಲ, ಇಡೀ ನಗರಾಡಳಿತ. ಈ ಸರಣಿ ಆ ಎರಡನೇ ವರದಿ ಬಗ್ಗೆ. ನನ್ನ ವಾದ ಇಷ್ಟೇ: ಪೊಲೀಸರ ತಾರತಮ್ಯವನ್ನು ನಾವು ರಸ್ತೆಯಲ್ಲಿ ಹುಡುಕ್ತೀವಿ, ಅದರ ಬೇರು ಎಷ್ಟೋ ಸಲ ನಗರಸಭೆಯ ಲೆಕ್ಕದ ಪುಸ್ತಕದಲ್ಲಿರುತ್ತೆ.

2/7
ಮೊದಲು ಲೆಕ್ಕ ನೋಡೋಣ. 2010ರಲ್ಲಿ ಫರ್ಗ್ಯುಸನ್‌ಗೆ ದಂಡ ಮತ್ತು ಕೋರ್ಟ್ ಶುಲ್ಕದಿಂದ ಬಂದ ಹಣ ಸುಮಾರು 13.8 ಲಕ್ಷ ಡಾಲರ್. 2015ರ ಬಜೆಟ್‌ನಲ್ಲಿ ಅದೇ ಬಾಬ್ತಿನ ಅಂದಾಜು 30.9 ಲಕ್ಷ ಡಾಲರ್. ಅಂದರೆ ಒಟ್ಟು 1.32 ಕೋಟಿಯಷ್ಟು ಆದಾಯದಲ್ಲಿ ಹತ್ತಿರ ಹತ್ತಿರ ಕಾಲು ಭಾಗ!

ಸ್ವಲ್ಪ ಯೋಚಿಸಿ. ವರ್ಷ ಶುರುವಾಗೋ ಮೊದಲೇ ಜನ ಇಷ್ಟು ತಪ್ಪು ಮಾಡ್ತಾರೆ, ಅದರಿಂದ ನಮಗೆ ಇಷ್ಟು ದುಡ್ಡು ಬರುತ್ತೆ ಅಂತ ಊರು ಬರೆದಿಟ್ಟುಕೊಂಡಿದೆ. ಅಷ್ಟು ತಪ್ಪು ಸಿಗದಿದ್ದರೆ? ಹುಡುಕಬೇಕು.

ಹುಡುಕಿದರು. 2010ರ ಮಾರ್ಚ್‌ನಲ್ಲಿ ನಗರದ ಹಣಕಾಸು ನಿರ್ದೇಶಕರು ಪೊಲೀಸ್ ಮುಖ್ಯಸ್ಥರಿಗೆ ಬರೆದ ಪತ್ರ ವರದಿಯಲ್ಲಿದೆ. ಅದರ ಸಾರಾಂಶ: ಮಾರಾಟ ತೆರಿಗೆ ಖೋತಾ ಆಗೋ ಹಾಗಿದೆ, ವರ್ಷ ಮುಗಿಯೋದರೊಳಗೆ ದಂಡದ ಚೀಟಿಗಳು ಜೋರಾಗಿ ಏರದಿದ್ದರೆ ಮುಂದಿನ ವರ್ಷ ವಸೂಲಿ ಹೆಚ್ಚಿಸೋದು ಕಷ್ಟ. ಇಡೀ ಮಾತಿನಲ್ಲಿ ಅಪಘಾತ ತಡೆಯೋ ಸುದ್ದಿಯೇ ಇಲ್ಲ. ಪೊಲೀಸರ ಕೆಲಸ ಅಳೆಯೋದಕ್ಕೂ ಬಡ್ತಿಗೂ ಚೀಟಿಗಳ ಎಣಿಕೆ ಮುಖ್ಯ ಆಯ್ತು.

3/7
ಇದು ಜನರ ಬದುಕಲ್ಲಿ ಏನು ಮಾಡಿತು? ವರದಿಯಲ್ಲಿ ಹೆಸರಿಲ್ಲದ ಒಬ್ಬ ಕಪ್ಪು ಮಹಿಳೆ ಇದ್ದಾರೆ. 2007ರಲ್ಲಿ ಒಂದು ಸಲ ಕಾರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದರು. ದಂಡ 151 ಡಾಲರ್, ಮೇಲೆ ಶುಲ್ಕ. ಆಕೆ ಬಡವರು, ಆ ವರ್ಷಗಳಲ್ಲಿ ಕೆಲವು ಕಾಲ ಇರೋಕೆ ಮನೆಯೂ ಇರಲಿಲ್ಲ. ಕೋರ್ಟ್ ದಿನಾಂಕ ಅಥವಾ ಕಂತು ತಪ್ಪಿದಾಗ 'ಹಾಜರಾಗಲಿಲ್ಲ' ಅನ್ನೋ ಹೊಸ ಅಪರಾಧ ಸೇರಿತು. ಹಾಗೆ ಏಳು ಸಲ. ಪ್ರತಿ ಸಲ ಹೊಸ ದಂಡ, ಹೊಸ ವಾರಂಟ್. ಎರಡು ಸಲ ಬಂಧನ, ಆರು ದಿನ ಜೈಲು. ಕೈಲಾದಷ್ಟು ಕಟ್ತೀನಿ ಅಂತ ಒಮ್ಮೆ 25, ಒಮ್ಮೆ 50 ಡಾಲರ್ ಕೊಡೋಕೆ ಹೋದರೆ, ಪೂರ್ತಿ ಕಟ್ಟಿ ಅಂತ ಕೋರ್ಟ್ ವಾಪಸ್ ಕಳಿಸಿತು.

2014ರ ಡಿಸೆಂಬರ್ ಹೊತ್ತಿಗೆ ಆಕೆ ಕಟ್ಟಿದ್ದು 550 ಡಾಲರ್. ಇನ್ನೂ ಬಾಕಿ ಇದ್ದದ್ದು 541 ಡಾಲರ್. ಇದು ಏಳು ವರ್ಷದ ಹಿಂದೆ ಒಂದು ಕಾರು ನಿಲ್ಲಿಸಿದ್ದಕ್ಕೆ!

ಇನ್ನೊಂದು ಉದಾಹರಣೆ. ಮನೆ ಮುಂದೆ ಹುಲ್ಲು ಉದ್ದ ಬೆಳೆದರೆ ಅಕ್ಕಪಕ್ಕದ ಒಂದು ಊರಲ್ಲಿ ದಂಡ 5 ಡಾಲರ್‌ನಿಂದ ಶುರು. ಫರ್ಗ್ಯುಸನ್‌ನಲ್ಲಿ 77ರಿಂದ 102 ಡಾಲರ್.

4/7
'ಸರಿ, ಇದು ಬಡವರ ಸಮಸ್ಯೆ, ಇದರಲ್ಲಿ ಜನಾಂಗ ಎಲ್ಲಿಂದ ಬಂತು?' ಅಂತ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.

ಊರಲ್ಲಿ ಕಪ್ಪು ಜನ 67%. ಆದರೆ 2012ರಿಂದ 2014ರವರೆಗೆ ಪೊಲೀಸರು ತಡೆದ ವಾಹನಗಳಲ್ಲಿ 85% ಅವರವು. ದಂಡದ ಚೀಟಿಗಳಲ್ಲಿ 90%, ಬಂಧನಗಳಲ್ಲಿ 93% ಅವರದೇ. 'ರಸ್ತೆಯಲ್ಲಿ ನಡೆದ ರೀತಿ' ಅಂತ ಒಂದು ಅಪರಾಧ ಇತ್ತು. ಅದರಲ್ಲಿ ಸಿಕ್ಕಿಬಿದ್ದವರಲ್ಲಿ 95% ಕಪ್ಪು ಜನ. ಅಂದ ಹಾಗೆ, ವಿಲ್ಸನ್ ಮೈಕಲ್ ಬ್ರೌನ್‌ನನ್ನು ಮೊದಲು ಮಾತಾಡಿಸಿದ್ದೂ ಅವನು ನಡುರಸ್ತೆಯಲ್ಲಿ ನಡೀತಿದ್ದಾನೆ ಅಂತಲೇ.

'ಅವರೇ ಹೆಚ್ಚು ತಪ್ಪು ಮಾಡ್ತಿದ್ರೇನೋ' ಅನ್ನೋ ಮಾತಿಗೂ ಉತ್ತರ ಇದೆ. ವಾಹನ ತಡೆದಾಗ ಕಪ್ಪು ಚಾಲಕರ ತಪಾಸಣೆ ಆಗೋ ಸಾಧ್ಯತೆ ಬಿಳಿಯರ ಎರಡು ಪಟ್ಟಿಗೂ ಹೆಚ್ಚು. ಆದರೆ ಅವರ ಹತ್ತಿರ ಏನಾದರೂ ಅಕ್ರಮ ವಸ್ತು ಸಿಕ್ಕ ಪ್ರಮಾಣ ಬಿಳಿಯರಿಗಿಂತ 26% ಕಡಿಮೆ. ಅಂದರೆ ಅನುಮಾನ ಹುಟ್ಟಿದ್ದು ಬಣ್ಣ ನೋಡಿ.

ನನಗೆ ಅತಿ ಹೆಚ್ಚು ಸಿಟ್ಟು ಬರಿಸಿದ ಭಾಗ ಇದು: 'ಈ ಜನಕ್ಕೆ ಜವಾಬ್ದಾರಿ ಇಲ್ಲ' ಅಂತ ತನಿಖೆಯವರ ಮುಂದೆ ದೂರಿದ ಅಧಿಕಾರಿಗಳಲ್ಲೇ ಕೆಲವರು, ತಮ್ಮ ಮತ್ತು ತಮ್ಮ ಸ್ನೇಹಿತರ ಚೀಟಿಗಳನ್ನು ಸದ್ದಿಲ್ಲದೆ ರದ್ದು ಮಾಡಿಸಿಕೊಂಡಿದ್ದರು.

5/7
ಇಷ್ಟೆಲ್ಲಾ ಆಗೋಕೆ ಬಿಟ್ಟವರು ಯಾರು? ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಲಿ. ನಮ್ಮಲ್ಲಿ ಪೊಲೀಸ್ ರಾಜ್ಯ ಸರ್ಕಾರದ ಕೈಯಲ್ಲಿದೆ. ನಿಮ್ಮ ವಾರ್ಡಿನ ಸದಸ್ಯರು ಒಬ್ಬ ಕಾನ್‌ಸ್ಟೆಬಲ್‌ನ ವರ್ಗ ಮಾಡೋಕೂ ಆಗಲ್ಲ. ಅಮೆರಿಕದ ಬಹುಪಾಲು ಊರುಗಳಲ್ಲಿ ಹಾಗಲ್ಲ, ಪೊಲೀಸ್ ಠಾಣೆ ನಗರಸಭೆಗೇ ಸೇರಿದ್ದು. ಫರ್ಗ್ಯುಸನ್‌ನಲ್ಲಿ ಬಜೆಟ್ ಒಪ್ಪೋದು, ದಂಡದ ನಿಯಮ ಮಾಡೋದು, ಊರಿನ ಸಣ್ಣ ಕೋರ್ಟಿನ ನ್ಯಾಯಾಧೀಶರನ್ನು ಆರಿಸೋದು ಎಲ್ಲಾ ನಗರ ಕೌನ್ಸಿಲ್‌ನ ಕೆಲಸ.

2014ರಲ್ಲಿ ಮೇಯರ್ ಬಿಳಿಯರು. ಆರು ಕೌನ್ಸಿಲ್ ಸದಸ್ಯರಲ್ಲಿ ಐವರು ಬಿಳಿಯರು. 54 ಪೊಲೀಸ್ ಅಧಿಕಾರಿಗಳಲ್ಲಿ ಕಪ್ಪು ಜನ ನಾಲ್ಕೇ ನಾಲ್ಕು. ಮೂರರಲ್ಲಿ ಎರಡು ಪಾಲು ಕಪ್ಪು ಜನ ಇರೋ ಊರಲ್ಲಿ!

ಹೇಗೆ ಸಾಧ್ಯ? ಸ್ಥಳೀಯ ಚುನಾವಣೆ ನಡೀತಿದ್ದದ್ದು ಏಪ್ರಿಲ್‌ನಲ್ಲಿ, ಅಧ್ಯಕ್ಷರ ಚುನಾವಣೆಯ ಗದ್ದಲ ಇಲ್ಲದ ಹೊತ್ತಲ್ಲಿ. 2013ರ ಏಪ್ರಿಲ್‌ನಲ್ಲಿ ಮತ ಹಾಕಿದವರು ಸುಮಾರು 12%. ಅದರ ಹಿಂದಿನ ನವೆಂಬರ್‌ನಲ್ಲಿ ಒಬಾಮಾ ಚುನಾವಣೆಗೆ ಇದೇ ಊರಿನ ಜನ ಸಾಲುಗಟ್ಟಿ ನಿಂತಿದ್ದರು. ಜನರನ್ನು ಬೈಯೋಕೆ ಇದನ್ನು ಹೇಳ್ತಿಲ್ಲ. ಯಾರೂ ಗಮನಿಸದ ತಿಂಗಳಲ್ಲಿ ಚುನಾವಣೆ ಇಟ್ಟರೆ ಯಾರಿಗೆ ಲಾಭ ಅಂತ ಹೇಳ್ತಿದ್ದೀನಿ.

6/7
ಈಗ ನನ್ನ ವಾದಕ್ಕೆ ಅತಿ ಗಟ್ಟಿ ಸಾಕ್ಷಿ. ಆ ಮಹಿಳೆಯನ್ನು ಏಳು ಸಲ ಸಿಕ್ಕಿಸಿದ 'ಹಾಜರಾಗಲಿಲ್ಲ' ಅಪರಾಧ ನೆನಪಿದೆ ಅಲ್ವಾ? ಅದನ್ನು 2014ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ತೆಗೆದುಹಾಕಿತು. ಹುಡುಗ ಸತ್ತ ಮರು ತಿಂಗಳು, ಅದೇ ಸದಸ್ಯರು, ಅದೇ ಮೇಜು. ಸಂವಿಧಾನ ತಿದ್ದಬೇಕಾಗಿರಲಿಲ್ಲ, ಅಧ್ಯಕ್ಷರ ಸಹಿ ಬೇಕಿರಲಿಲ್ಲ. ಹಿಂದಿನ ಯಾವ ವರ್ಷ ಬೇಕಾದರೂ ಮಾಡಬಹುದಿತ್ತು.

ಆಮೇಲೆ 2015ರ ಏಪ್ರಿಲ್ ಚುನಾವಣೆಗೆ ಸುಮಾರು 30% ಜನ ಬಂದರು. ಕೌನ್ಸಿಲ್‌ನಲ್ಲಿ ಕಪ್ಪು ಸದಸ್ಯರು ಒಬ್ಬರಿಂದ ಮೂವರಾದರು. ಟ್ರಾಫಿಕ್ ದಂಡದಿಂದ ಊರುಗಳು ಇಟ್ಟುಕೊಳ್ಳಬಹುದಾದ ಆದಾಯದ ಮಿತಿಯನ್ನು ಅದೇ ವರ್ಷ ರಾಜ್ಯ 30%ರಿಂದ 20%ಗೆ ಇಳಿಸಿತು. 2020ರ ಜೂನ್‌ನಲ್ಲಿ ಎಲಾ ಜೋನ್ಸ್ ಊರಿನ ಮೊದಲ ಕಪ್ಪು ಮೇಯರ್ ಆದರು.

ಎಲ್ಲಾ ಸುಸೂತ್ರ ಆಯ್ತು ಅಂತಲ್ಲ. 2016ರ ಫೆಬ್ರವರಿಯಲ್ಲಿ ಖರ್ಚು ಜಾಸ್ತಿ ಅಂತ ಕೌನ್ಸಿಲ್ ಸುಧಾರಣೆಯ ಒಪ್ಪಂದವನ್ನು ಬದಲಿಸೋಕೆ ಹೊರಟಿತು. ಮರುದಿನವೇ ನ್ಯಾಯ ಇಲಾಖೆ ಕೇಸು ಹಾಕಿತು, ಮಾರ್ಚ್‌ನಲ್ಲಿ ಕೌನ್ಸಿಲ್ ಒಪ್ಪಿತು. ದಂಡ ಇಳಿದಾಗ ಖಜಾನೆಗೆ ತೂತು ಬಿತ್ತು. ತೆರಿಗೆ ಏರಿಸೋಣವಾ ಅಂತ ಆ ಏಪ್ರಿಲ್‌ನಲ್ಲಿ ಜನರನ್ನೇ ಕೇಳಬೇಕಾಯ್ತು. ಮಾರಾಟ ತೆರಿಗೆಗೆ ಹೂಂ ಅಂದರು, ಆಸ್ತಿ ತೆರಿಗೆಗೆ ಊಹೂಂ ಅಂದರು. ನನ್ನ ಪ್ರಕಾರ ಇದೇ ಸರಿಯಾದ ದಾರಿ. ಊರು ನಡೆಸೋಕೆ ದುಡ್ಡು ಬೇಕು ಅಂದರೆ ಎಲ್ಲರ ಮುಂದೆ ಕೇಳಬೇಕು. ಬಡವರ ಗಾಡಿ ತಡೆದು ಕಿತ್ಕೊಳ್ಳಬಾರದು.

7/7
'ಗುಲಾಮಗಿರಿ ಕಾಲದಿಂದ ಬಂದ ದ್ವೇಷವನ್ನು ಒಂದು ನಗರಸಭೆ ಸರಿ ಮಾಡುತ್ತಾ?' ಇಲ್ಲ, ಮಾಡಲ್ಲ. ಯಾರ ಮನಸ್ಸನ್ನೂ ಕೌನ್ಸಿಲ್ ಬದಲಿಸೋಕೆ ಆಗಲ್ಲ. ಆದರೆ ಆ ದ್ವೇಷಕ್ಕೆ ಸಂಬಳ, ಗುರಿ, ಬಡ್ತಿ ಕೊಡೋದನ್ನ ನಿಲ್ಲಿಸಬಹುದು. ಕೆಟ್ಟ ಪೊಲೀಸ್ ಒಬ್ಬನನ್ನು ಕೆಲಸದಿಂದ ತೆಗೆದರೂ ಗುರಿ ಹಾಗೇ ಉಳಿದರೆ, ಅವನ ಜಾಗಕ್ಕೆ ಬರೋ ಒಳ್ಳೆಯವನೂ ಅದೇ ಚೀಟಿ ಬರೀಬೇಕಾಗುತ್ತೆ.

ನಿಮ್ಮಲ್ಲಿ ಕೆಲವರು ಓದೋಕೆ ಅಮೆರಿಕಕ್ಕೆ ಹೋಗ್ತೀರ. ಅಲ್ಲಿ ನಿಮಗೆ ಮತ ಇರಲ್ಲ. ಆದರೂ ನೀವಿರೋ ಊರಿನ ಬಜೆಟ್‌ನಲ್ಲಿ ದಂಡದ ಬಾಬ್ತು ಎಷ್ಟಿದೆ ಅಂತ ಒಮ್ಮೆ ತೆಗೆದು ನೋಡಿ, ಸಾಮಾನ್ಯವಾಗಿ ಆನ್‌ಲೈನ್‌ನಲ್ಲೇ ಸಿಗುತ್ತೆ. ಇಲ್ಲೇ ಇರೋರಿಗೆ: ಬೆಂಗಳೂರಿನ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇರಲಿಲ್ಲ. ನಮ್ಮಲ್ಲಿ ಎಷ್ಟು ಜನ ಅದನ್ನು ಗಮನಿಸಿದ್ವಿ?

ನಿಮ್ಮ ವಾರ್ಡ್ ಸದಸ್ಯರ ಹೆಸರು ಗೊತ್ತಿದ್ದರೆ ಕಾಮೆಂಟಲ್ಲಿ ಹಾಕಿ. ಗೊತ್ತಿಲ್ಲದಿದ್ದರೆ ಅದನ್ನೂ ಹಾಕಿ. ಒಪ್ಪದವರು ವಾದ ಮಾಡಿ, ಬೈಗುಳ ಬೇಡ.

#ಫರ್ಗ್ಯುಸನ್ #ಮೈಕಲ್‌ಬ್ರೌನ್ #ನಗರಸಭೆ #ಓದಿಹೇಳಿ