ಲಿಂಕ್ ತಲುಪದ ಮನೆ

ಗೂಗಲ್ ಫಾರ್ಮ್ ಸಿದ್ಧಮಾಡಿ ಹತ್ತಾರು ವಾಟ್ಸಾಪ್ ಗುಂಪುಗಳಿಗೆ ಹರಿಬಿಟ್ಟರೆ ವಾರದೊಳಗೆ ನೂರಾರು ಉತ್ತರಗಳು ಬಂದು ಬೀಳುತ್ತವೆ. ಇಷ್ಟು ಮಾಹಿತಿಗೆ ಹಿಂದೆ ಊರೂರು ಅಲೆದು ಒಂದು ಬೇಸಿಗೆ ಸವೆಸಬೇಕಿತ್ತು. ಜೆ.ಎಸ್.ಎಸ್. ಆರ್ಥಿಕ ಸಂಶೋಧನಾ ಸಂಸ್ಥೆಯ ಜನಸಂಖ್ಯಾ ಸಂಶೋಧನಾ ಕೇಂದ್ರ, 1977ರಲ್ಲಿ ಶುರುವಾದ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಸಿಎಂಡಿಆರ್, ಕರ್ನಾಟಕ ವಿಶ್ವವಿದ್ಯಾಲಯ ಇವೆಲ್ಲ ಇರುವ ಧಾರವಾಡದಲ್ಲಿ ಈ ಬದಲಾವಣೆಯ ಬಗ್ಗೆ ಗಟ್ಟಿಯಾಗಿ ಮಾತಾಡಬೇಕಾಗಿದೆ. ಸಂಶೋಧನೆಗೆ ಅಂತರ್ಜಾಲ ಬೇಡವೆಂಬ ವಾದ ನಮ್ಮದಲ್ಲ. ಆದರೆ ಅದು ಉತ್ತರ ತರುವ ಮುಂಚೆಯೇ ಉತ್ತರಿಸುವವರನ್ನು ಆರಿಸಿಬಿಡುತ್ತದೆ. ಆ ಆಯ್ಕೆ ಸಂಶೋಧಕರದ್ದಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸಾವಿರ ಉತ್ತರ ಕೂಡಿಸಿದರೂ ಸಿಗುವುದು ಅರ್ಧ ಊರಿನ ಮಾತು.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ನಡೆದದ್ದು 2019–20ರಲ್ಲಿ. ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದ ಹೆಂಗಸರು ಆಗ ನೂರಕ್ಕೆ 35, ಗಂಡಸರು 62. ಆಮೇಲೆ ಮೊಬೈಲ್ ಮನೆಮನೆಗೂ ಬಂದಿದೆಯಲ್ಲ ಎನ್ನಬಹುದು. ಬಂದಿದೆ, ನಿಜ. ಆದರೆ ಫೋನು ಮನೆಯಲ್ಲಿರುವುದು ಬೇರೆ, ಹೆಂಗಸಿನ ಕೈಯಲ್ಲಿರುವುದು ಬೇರೆ. ಧಾರವಾಡದ ಕಡೆ ಕೂಲಿಗೆ ಕಸೂತಿ ಹಾಕುವ ಹೆಣ್ಣುಮಗಳನ್ನೇ ತೆಗೆದುಕೊಳ್ಳಿ. ಫಾರ್ಮು ಅವಳವರೆಗೆ ಬಂದರೂ ತುಂಬುವವನು ಕಾಲೇಜಿಗೆ ಹೋಗುವ ಮಗ. ಉದ್ಯೋಗದ ಕಾಲಂನಲ್ಲಿ ಅವನು ‘ಗೃಹಿಣಿ’ ಎಂದು ಒತ್ತಿ ಮುಂದೆ ಹೋಗುತ್ತಾನೆ. ಮನೆಗೇ ಹೋಗಿ ಕೇಳಿದರೂ ಅವಳು ಮೊದಲು ಹೇಳುವುದು “ಏನೂ ಮಾಡಂಗಿಲ್ರೀ, ಮನ್ಯಾಗ ಇರ್ತೀನಿ” ಎಂದೇ. ಆದರೆ ಕೇಳುವವರ ಕಣ್ಣಿಗೆ ಪಡಸಾಲೆಯಲ್ಲಿ ಮಡಚಿಟ್ಟ ಸೀರೆ, ಸೆರಗಿನ ಮೇಲೆ ಅರ್ಧಕ್ಕೆ ನಿಂತ ಗೋಪುರ, ದಾರ ಪೋಣಿಸಿದ ಸೂಜಿ ಬೀಳುತ್ತವೆ. ಎರಡನೆಯ ಪ್ರಶ್ನೆ ಹುಟ್ಟುವುದು ಅಲ್ಲಿ. ಒಂದು ಸೀರೆಗೆ ಎಷ್ಟು ದಿನ, ಕೂಲಿ ಎಷ್ಟು, ಕೊಡುವವರು ಯಾರು?

ಮನೆಗೆ ಹೋದವರೂ ತಪ್ಪು ಬರೆದುಕೊಳ್ಳುವುದಿಲ್ಲವೇ? ಬರೆದುಕೊಳ್ಳುತ್ತಾರೆ, ಬಿಸಿಲಿಗೆ ಬೇಸತ್ತು ಕಟ್ಟೆಯ ಮೇಲೆ ಕೂತು ತುಂಬಿದ ಪತ್ರಗಳೂ ಉಂಟು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಸಾಲ, ಹೊಡೆತ, ಜಾತಿಯ ಅವಮಾನ ಇಂಥವನ್ನು ಎದುರು ಕೂತವರಿಗೆ ಹೇಳಲಾಗದವರು ಹೆಸರಿಲ್ಲದ ಫಾರ್ಮಿನಲ್ಲಿ ಬರೆದಾರು. ಇದನ್ನು ಒಪ್ಪಲೇಬೇಕು. ಅಂತರ್ಜಾಲದ ನಿಜವಾದ ಬಲ ಇರುವುದು ಇಲ್ಲಿಯೇ, ವೇಗದಲ್ಲಲ್ಲ. ಆದರೆ ಒಂದೇ ಫೋನು ನಾಲ್ಕು ಕೈ ದಾಟುವ ಮನೆಯಲ್ಲಿ ಆ ಗುಟ್ಟು ಉಳಿಯುವುದಿಲ್ಲ.

ಹಾಗಾದರೆ ದಾರಿ? 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಒಂದು ಕ್ರಮ ತೋರಿಸಿತು. ಮೊದಲು ವಿದ್ಯುತ್ ಮೀಟರಿನ ಆಧಾರದ ಮೇಲೆ ಮನೆ ಗುರುತಿಸಿ ಚೀಟಿ ಅಂಟಿಸಿದರು. ಆಮೇಲೆ ಶಿಕ್ಷಕರು ಮೊಬೈಲ್ ಆ್ಯಪ್ ಹಿಡಿದು 60 ಪ್ರಶ್ನೆಗಳೊಂದಿಗೆ ಬಾಗಿಲಿಗೆ ಬಂದರು. ಆನ್‌ಲೈನಿನಲ್ಲಿ ತಾವೇ ತುಂಬುವ ಅವಕಾಶವೂ ಇತ್ತು. ಸರ್ವರ್, ನೆಟ್‌ವರ್ಕಿನ ತೊಂದರೆ ಸಾಕಷ್ಟಾಯಿತು, ಅವಧಿ ಬೆಳೆಯಿತು. ಆದರೂ ಮನೆಗಳ ಪಟ್ಟಿ ಮೊದಲೇ ಇದ್ದುದರಿಂದ ಯಾವ ಮನೆ ಬಿಟ್ಟುಹೋಯಿತೆಂದು ಹುಡುಕಲು ಸಾಧ್ಯವಿತ್ತು. ವಾಟ್ಸಾಪಿನಲ್ಲಿ ಹರಿದ ಲಿಂಕಿಗೆ ಅಂಥ ಪಟ್ಟಿಯೇ ಇಲ್ಲ. ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು ಎಂದು ಹೈಕೋರ್ಟ್ ಆಗ ಹೇಳಿದ ಮಾತು ನಮ್ಮ ಸಂಶೋಧನಾ ವಿದ್ಯಾರ್ಥಿಗಳ ಫಾರ್ಮುಗಳಿಗೂ ಸಲ್ಲಬೇಕು.

ಈ ಪತ್ರಿಕೆಗೆ ಬರುವ ಸಮೀಕ್ಷಾ ಲೇಖನಗಳಲ್ಲಿ ಇನ್ನು ಮುಂದೆ ಎಷ್ಟು ಜನ ಉತ್ತರಿಸಿದರು ಎಂಬುದಕ್ಕಿಂತ ಮೊದಲು ಲಿಂಕ್ ಯಾವ ಗುಂಪುಗಳಿಗೆ ಹೋಯಿತು, ಯಾರ ಪರವಾಗಿ ಯಾರು ತುಂಬಿದರು, ಯಾವ ಓಣಿಯಿಂದ ಒಂದೂ ಉತ್ತರ ಬರಲಿಲ್ಲ ಎಂಬುದನ್ನು ಬರೆದು ಕಳಿಸಬೇಕೆಂದು ಕೋರುತ್ತೇವೆ.