ವಕೀಲರು ಬದಲಾದರು, ಫೈಲ್ ಎಲ್ಲಿದೆ?



ಬೆಂಗಳೂರಿನ ಕಾನೂನು ನೆರವು ಸಂಸ್ಥೆಯೊಂದು ಹೊಸ ಸಿಬ್ಬಂದಿ, ಹೊಸ ಇಂಟರ್ನ್‌ಗಳ ಫೋಟೋ ಹಾಕಿ ಸ್ವಾಗತ ಕೋರಿದೆ. ಸಂತೋಷ. ಬಿಟ್ಟುಹೋದವರ ಕೈಲಿದ್ದ ಕೇಸುಗಳು ಯಾರ ಕೈಗೆ ಹೋದವು? ಗುಬ್ಬಿ ಕಡೆಯ ಒಂದು ಕುಟುಂಬಕ್ಕೆ ತಮ್ಮ ವಕೀಲರು ಕೆಲಸ ಬಿಟ್ಟಿದ್ದು ಗೊತ್ತಾಗಿದ್ದು ಸಾಕ್ಷಿ ಹೇಳೋ ದಿನ, ತುಮಕೂರು ಕೋರ್ಟ್ ಮೆಟ್ಟಿಲ ಮೇಲೆ.

ನಾನೊಬ್ಬ ಗುಮಾಸ್ತ. ನಮ್ಮಲ್ಲಿ ಟೇಬಲ್ ಬದಲಾದ್ರೂ ಚಾರ್ಜ್ ಪಟ್ಟಿ ಬರೆದು, ಸಹಿ ಹಾಕಿಸ್ಕೊಂಡೇ ಏಳಬೇಕು.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೋಪಾಲಪುರ ನೆನಪಿಸ್ಕೊಳ್ಳಿ. 2010ರಲ್ಲಿ ದಲಿತ ಮಹಿಳೆಯ ಕೊಲೆ. ತುಮಕೂರು ನ್ಯಾಯಾಲಯ 21 ಜನರಿಗೆ ಜೀವಾವಧಿ ಕೊಟ್ಟಿದ್ದು 2024ರಲ್ಲಿ. ಚಾರ್ಜ್‌ಶೀಟ್ ಆದ ಎರಡು ತಿಂಗಳಲ್ಲಿ ಆದಷ್ಟೂ ವಿಚಾರಣೆ ಮುಗಿಸಿ ಅನ್ನುತ್ತೆ ದೌರ್ಜನ್ಯ ತಡೆ ಕಾಯ್ದೆ! ಅಷ್ಟೂ ವರ್ಷ ಸಾಕ್ಷಿಗಳು ಅದೇ ಊರಲ್ಲಿ ಬದುಕಬೇಕು. ಫೋನ್ ಮಾಡಿದ್ರೆ ಎತ್ತೋ ಗುರುತಿನ ವಕೀಲರು ಬೇಕು ಅವರಿಗೆ. ಸಂಸ್ಥೆಗಳ ನೆರವು ಪಡೆಯೋದು ಸಂತ್ರಸ್ತರ ಹಕ್ಕು ಅಂತ ಕಾಯ್ದೆಯ 15ಎ ಕಲಮೇ ಹೇಳುತ್ತೆ.

ಇನ್ನು ಇಂಟರ್ನ್‌ಶಿಪ್. ಸ್ಟೈಪೆಂಡ್ ಇಲ್ಲ, ಅರ್ಜಿ ಇಂಗ್ಲಿಷ್‌ನಲ್ಲಿ, ಒಂದು ತಿಂಗಳು ಬೆಂಗಳೂರಲ್ಲಿ ಸ್ವಂತ ಖರ್ಚು. ಕುಣಿಗಲ್‌ನಿಂದ ಬಸ್ ಹಿಡಿದು ತುಮಕೂರಲ್ಲಿ ಎಲ್‌ಎಲ್‌ಬಿ ಓದೋ ಕೂಲಿಯವರ ಮಗಳು ಹೆಂಗೆ ಹೋಗ್ತಾಳೆ? ಎಫ್‌ಐಆರ್ ಇರೋದು ಕನ್ನಡದಲ್ಲಿ. ಅದನ್ನ ಓದಬಲ್ಲ ಅವಳು ಹೊರಗೆ, ಅನುವಾದ ಕೇಳೋರು ಒಳಗೆ. (ವರದಿಯ ಮುಖಪುಟಕ್ಕೆ ಮಾತ್ರ ಬಾಬಾಸಾಹೇಬರ ಫೋಟೋ ಬೇಕು.)

ಸಂಬಳ ಕಡಿಮೆ, ಅನುದಾನ ನಿಂತಿದೆ, ಅದಕ್ಕೇ ಬಿಡ್ತಾರೆ ಅಂತಾರೆ. ಒಪ್ತೀನಿ. ಚಾರ್ಜ್ ಪಟ್ಟಿ ಬರೆಯೋಕೆ ಯಾವ ಅನುದಾನ ಬೇಕು ಸ್ವಾಮಿ? ಮುಂದಿನ ವಾಯಿದೆಗೆ ಮುಂಚೆ ಆ ಕುಟುಂಬಕ್ಕೆ ಹೊಸ ವಕೀಲರ ಹೆಸರು, ನಂಬರ್ ಬರೆದು ಕೊಡಿ.