ಜಿರ್ಜೆಂತಿಯನ್ನು ಅಳಿಸಿದ ಅಗ್ರಿಜೆಂತೊ

ಸಿಸಿಲಿಯ ದಕ್ಷಿಣ ಕರಾವಳಿಯ ಅಗ್ರಿಜೆಂತೊ ನಗರಕ್ಕೆ ಹೋದವರು ಅಲ್ಲಿನ ಗ್ರೀಕ್ ದೇಗುಲಗಳ ಸಾಲನ್ನು ಕಂಡು, ಊರಿನ ಹೆಸರೂ ಅಷ್ಟೇ ಪ್ರಾಚೀನವೆಂದು ಭಾವಿಸುವುದು ಸಹಜ. ಆದರೆ ಈ ಹೆಸರು ಅಧಿಕೃತವಾದದ್ದು 1927ರಲ್ಲಿ, ಮುಸೊಲಿನಿಯ ಆಡಳಿತದಲ್ಲಿ. ಅದಕ್ಕೆ ಮುಂಚೆ ಶತಮಾನಗಳ ಕಾಲ ಅದು ಜಿರ್ಜೆಂತಿ ಆಗಿತ್ತು. ಈ ಬದಲಾವಣೆಯನ್ನು ಪುನರುದ್ಧಾರವೆಂದು ಕರೆಯುವುದನ್ನು ನಾನು ಒಪ್ಪಲಾರೆ.

ಕ್ರಿ.ಪೂ. 580ರ ಸುಮಾರಿಗೆ ಗೇಲಾದಿಂದ ಬಂದ ಗ್ರೀಕರು ಇಲ್ಲಿ ಅಕ್ರಗಾಸ್ ನಗರವನ್ನು ಸ್ಥಾಪಿಸಿದರು. ತತ್ತ್ವಜ್ಞಾನಿ ಎಂಪೆಡೊಕ್ಲೀಸ್ ಹುಟ್ಟಿದ್ದು ಇಲ್ಲಿಯೇ. ರೋಮನ್ನರು ಇದನ್ನು ಅಗ್ರಿಗೆಂಟುಮ್ ಎಂದರು. ಒಂಬತ್ತನೆಯ ಶತಮಾನದಲ್ಲಿ ಬಂದ ಅರಬರ ನಾಲಗೆಯಲ್ಲಿ ಅದು ಕೆರ್ಕೆಂತ್ ಎಂಬಂತಾಯಿತು; 1087ರಲ್ಲಿ ನಾರ್ಮನ್ನರು ಊರನ್ನು ಗೆದ್ದ ಮೇಲೂ ಅರಬರ ಆ ಉಚ್ಚಾರಣೆಯ ಗುರುತು ಅಳಿಯದೆ ಜಿರ್ಜೆಂತಿಯಾಗಿ ಉಳಿಯಿತು. ಅಂದಮೇಲೆ ಜಿರ್ಜೆಂತಿ ಪರಕೀಯ ಹೆಸರಲ್ಲ, ಜನರ ಬಾಯಲ್ಲಿ ಸವೆದು ಬದುಕಿಬಂದ ಅಕ್ರಗಾಸೇ. ರೋಮಿನ ವೈಭವವನ್ನು ಮೆರೆಸಹೊರಟ ಆಡಳಿತಕ್ಕೆ ನಡುವಿನ ಆ ಶತಮಾನಗಳು ಬೇಡವಾದವು. ಲ್ಯಾಟಿನ್ ರೂಪಕ್ಕೆ ಇಟಾಲಿಯನ್ ಉಡುಪು ತೊಡಿಸಿ ಹೊಸ ಹೆಸರನ್ನು ಹೊಸೆದರು.

ನಾಟಕಕಾರ ಲುಯಿಜಿ ಪಿರಾಂದೆಲ್ಲೊ 1867ರಲ್ಲಿ ಹುಟ್ಟಿದ್ದು ಈ ಊರಿನ ಅಂಚಿನಲ್ಲಿ. 1891ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯಕ್ಕೆ ಅವರು ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಿಷಯ ಜಿರ್ಜೆಂತಿಯ ಆಡುನುಡಿಯ ಧ್ವನಿಗಳು. ಪರದೇಶದಲ್ಲಿ ಕುಳಿತು, ಪರಭಾಷೆಯಲ್ಲಿ, ತನ್ನೂರಿನವರು ಹೇಗೆ ಮಾತನಾಡುತ್ತಾರೆಂಬುದನ್ನು ಪಂಡಿತರ ಮುಂದಿಟ್ಟ ಆ ತರುಣನ ಕೆಲಸ ನಮ್ಮಂಥವರಿಗೆ ಬೇಗ ಅರ್ಥವಾದೀತು. 1934ರಲ್ಲಿ ನೊಬೆಲ್ ಪ್ರಶಸ್ತಿ ಬರುವ ಹೊತ್ತಿಗೆ ಆ ಪ್ರಬಂಧದ ಶೀರ್ಷಿಕೆಯಲ್ಲಿದ್ದ ಊರು ಭೂಪಟದಲ್ಲಿರಲಿಲ್ಲ.

ಕರ್ನಾಟಕದಲ್ಲಿಯೂ ಹೆಸರು ಬದಲಾಯಿಸಲಿಲ್ಲವೇ ಎಂದು ಕೇಳಬಹುದು. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಬೆಂಗಳೂರಾದಾಗ ಜನರು ಆಡುತ್ತಿದ್ದ ಹೆಸರೇ ಇಂಗ್ಲಿಷ್ ಕಡತವನ್ನೂ ಸೇರಿತು. ಜಿರ್ಜೆಂತಿಯಲ್ಲಿ ಕಡತದ ಹೆಸರನ್ನು ಜನರ ಬಾಯಿಗೆ ತುರುಕಲಾಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಅಂದಹಾಗೆ, ಅಲ್ಲಿನ ಸುಪ್ರಸಿದ್ಧ ಕಾಂಕಾರ್ಡಿಯಾ ದೇಗುಲದ ಹೆಸರೂ ಮೂಲದ್ದಲ್ಲ. ಸಮೀಪದಲ್ಲಿ ದೊರೆತ ಲ್ಯಾಟಿನ್ ಶಾಸನವೊಂದರಿಂದ ಅಂಟಿಕೊಂಡದ್ದು. ಆ ಕಟ್ಟಡ ಇಷ್ಟು ಚೆನ್ನಾಗಿ ಉಳಿದಿರುವುದಕ್ಕೆ ಮುಖ್ಯ ಕಾರಣ, ಅದನ್ನು ಆರನೆಯ ಶತಮಾನದ ಕೊನೆಯಲ್ಲಿ ಇಗರ್ಜಿಯಾಗಿ ಮಾರ್ಪಡಿಸಿ ಬಳಸಿದ್ದು.

2016ರಲ್ಲಿ ನಗರದ ಹಳೆಯ ಭಾಗಕ್ಕೆ ಮಾತ್ರ ಜಿರ್ಜೆಂತಿ ಎಂಬ ಹೆಸರನ್ನು ಮರಳಿ ಕೊಡಲಾಗಿದೆ. ರಜೆಯಲ್ಲಿ ಸಿಸಿಲಿಗೆ ಹೋಗುವ ನಮ್ಮ ಸದಸ್ಯ ಕುಟುಂಬಗಳು ದೇಗುಲಗಳನ್ನಷ್ಟೇ ನೋಡಿ ಹಿಂದಿರುಗದೆ, ಬೆಟ್ಟದ ಮೇಲಿನ ಆ ಓಣಿಗಳನ್ನೂ ಹತ್ತಿ ಬರಲಿ.